ಹನ್ನೆರಡು ಪುಟದ ಭಯ

ಷಡ್ಡಕ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾಗಬಹುದು, ಸ್ನೇಹಿತರು ಮಾತು ಬಿಡಬಹುದು. ಷಡ್ಡಕನಿಂದ ಮಾತ್ರ ಬಿಡುಗಡೆಯಿಲ್ಲ. ಹೆಂಡತಿಯ ಅಕ್ಕನನ್ನು ಮದುವೆಯಾದ ಒಂದೇ ಕಾರಣಕ್ಕೆ ಆತ ಜೀವಮಾನವಿಡೀ ನಮ್ಮ ಪಕ್ಕದಲ್ಲಿ ನಿಂತು, ನಮಗಿಂತ ಎರಡು ಅಂಗುಲ ಎತ್ತರ ಕಾಣುವ ಹಕ್ಕು ಪಡೆದಿರುತ್ತಾನೆ.

ಮೊಹರಪ್ಪನ ಷಡ್ಡಕ ನಿಜಕ್ಕೂ ಎರಡು ಅಂಗುಲ ಎತ್ತರವಿದ್ದ. ಅವನದು ಕನ್ನಡಕದ ಅಂಗಡಿ. ಮಾತಿನ ನಡುವೆ ತನ್ನ ಕನ್ನಡಕ ತೆಗೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುವ ಹೊತ್ತಿಗೆ ಎದುರಿಗಿದ್ದವರಿಗೆ ಇವನೇನೋ ದೊಡ್ಡದನ್ನು ಯೋಚಿಸುತ್ತಿದ್ದಾನೆ ಅನ್ನಿಸಿಬಿಡುತ್ತಿತ್ತು. ಮೊಹರಪ್ಪನಿಗೆ ಕನ್ನಡಕ ಬಂದಿರಲಿಲ್ಲ. ಕಣ್ಣು ಚೆನ್ನಾಗಿರುವುದೂ ಒಂದು ಕೊರತೆ ಎಂದು ಅವನಿಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಮೊಹರಪ್ಪ ಅವನ ನಿಜವಾದ ಹೆಸರಲ್ಲ. ನಗರಸಭೆಯ ಟಪಾಲು ವಿಭಾಗದಲ್ಲಿ ಬಂದ ಕಾಗದಕ್ಕೆಲ್ಲ ‘ಓದಲಾಗಿದೆ’ ಎಂಬ ಮೊಹರು ಒತ್ತಿ ಸಂಬಂಧಪಟ್ಟ ವಿಭಾಗಕ್ಕೆ ಕಳಿಸುವುದು ಅವನ ಕೆಲಸ. ಹದಿನಾಲ್ಕು ವರ್ಷದ ಅನುಭವದಿಂದ ಅವನೊಂದು ಸತ್ಯ ಕಂಡುಕೊಂಡಿದ್ದ: ಯಾವ ಕಾಗದದಲ್ಲೂ ಮೊದಲ ಸಾಲು, ಕೊನೆಯ ಸಾಲು ಬಿಟ್ಟರೆ ಉಳಿದದ್ದು ಜೊಳ್ಳು. ಮೊದಲ ಸಾಲಿನಲ್ಲಿ ಯಾರಿಗೆ ಎಂದಿರುತ್ತದೆ, ಕೊನೆಯದರಲ್ಲಿ ಏನು ಬೇಕು ಎಂದಿರುತ್ತದೆ. ನಡುವೆ ಇರುವುದು ದುಃಖ. ದುಃಖ ಓದುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ಅವನ ಹೆಂಡತಿ ನಡುವಿನದನ್ನೇ ಓದುವವಳು. ಬೀದಿಯ ತುದಿಯಲ್ಲಿದ್ದ ವಾಚನಾಲಯದಿಂದ ವಾರಕ್ಕೊಂದು ಪುಸ್ತಕ ತರುತ್ತಿದ್ದಳು. ಆ ವಾಚನಾಲಯಕ್ಕೆ ತನ್ನದೇ ಪದ್ಧತಿಯಿತ್ತು. ಪ್ರತಿ ಪುಸ್ತಕಕ್ಕೂ ಕಂದು ಕಾಗದದ ಹೊದಿಕೆ, ಅದರ ಮೇಲೆ ನಂಬರು ಮಾತ್ರ. ಹಿಂಬದಿಯಲ್ಲಿ ಒಂದು ಹಾಳೆ ಅಂಟಿಸಿರುತ್ತಿತ್ತು. ಪುಸ್ತಕ ಹಿಂದಿರುಗಿಸುವವರು ಅದರಲ್ಲಿ ಎರಡು ಸಾಲು ಬರೆದು ರುಜು ಹಾಕಬೇಕು, ಇಲ್ಲದಿದ್ದರೆ ಮುಂದಿನ ಪುಸ್ತಕ ಸಿಗುತ್ತಿರಲಿಲ್ಲ. ಹಾಳೆಯ ನೆತ್ತಿಯಲ್ಲಿ ಗ್ರಂಥಪಾಲಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಕಥೆಯ ಗುಟ್ಟು ಬಿಡಕೂಡದು. ಅನುಭವ ಮಾತ್ರ.’

ಆ ವಾರ ಅವಳು ತಂದದ್ದು ನಂಬರು ಆರುನೂರ ಹನ್ನೊಂದು. ವೈಜ್ಞಾನಿಕ ಕಾದಂಬರಿ. ಮುಂದೊಂದು ಕಾಲದಲ್ಲಿ ಮನುಷ್ಯರನ್ನು ಬೇರೊಂದು ಪ್ರಾಣಿ ಆಳುವ ಕಥೆ ಎಂಬುದಷ್ಟೇ ಹೊರಗಿನವರಿಗೆ ಗೊತ್ತಿತ್ತು. ಎರಡು ದಿನ ಅವಳು ಅದನ್ನು ಓದಿದಳು. ಎರಡು ದಿನವೂ ಹಾಲು ಉಕ್ಕಿತು.

“ರೀ, ಇದನ್ನ ಓದಿ,” ಎಂದಳು ಮೂರನೆಯ ದಿನ.

“ಏನಿದೆ ಅದ್ರಲ್ಲಿ?”

“ಹೇಳೋ ಹಾಗಿಲ್ಲ. ಓದಿದ್ಮೇಲೆ ಯಾರ ಹತ್ರಾನಾದ್ರೂ ಮಾತಾಡ್ಬೇಕು ಅನ್ಸುತ್ತೆ. ಎದೇಲಿ ಏನೋ ಕೂತ ಹಾಗಿದೆ. ನೀವು ಓದಲ್ಲ ಅಂದ್ರೆ ಭಾವನ ಹತ್ರಾನೇ ಹೋಗಿ ಮಾತಾಡ್ತೀನಿ. ಅವ್ರು ಏನ್ ಬರ್ದಿದಾರೆ ನೋಡಿ ಇಲ್ಲಿ.”

ಹಿಂಬದಿಯ ಹಾಳೆಯಲ್ಲಿ ಷಡ್ಡಕನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು: ‘ಇದನ್ನು ಮುಗಿಸಿದ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ. ನಾನು ಮನುಷ್ಯನೇ ಎಂದು ಕನ್ನಡಿಯನ್ನು ಕೇಳಿದೆ. ಕನ್ನಡಿ ಉತ್ತರಿಸಲಿಲ್ಲ.’

“ಎಂಥ ಮನಸ್ಸು ನೋಡಿ,” ಎಂದಳು.

“ಅಂಗಡಿ ತುಂಬ ಕನ್ನಡೀನೇ ಇದಾವಲ್ಲ. ಒಂದು ಉತ್ತರ ಕೊಡ್ಲಿಲ್ಲ ಅಂದ್ರೆ ಇನ್ನೊಂದನ್ನ ಕೇಳ್ಬೋದಿತ್ತು.”

ಅವಳು ನಗಲಿಲ್ಲ. ಮೊಹರಪ್ಪನ ಹೊಟ್ಟೆಯಲ್ಲಿ ಕೆಂಡ ಬಿದ್ದದ್ದು ಆ ಗಳಿಗೆಯಲ್ಲಿ. ಷಡ್ಡಕನ ಅಂಗಡಿ ದೊಡ್ಡದೆಂದು, ಕೂದಲು ಉದುರಿಲ್ಲವೆಂದು, ಅವನ ಸ್ಕೂಟರು ಮೊದಲ ಒದೆತಕ್ಕೇ ಹೊರಡುತ್ತದೆಂದು ಅವನು ಸಹಿಸಿಕೊಂಡಿದ್ದ. ಆದರೆ ತನ್ನ ಹೆಂಡತಿ ತನ್ನ ಮನೆಯಲ್ಲಿ ಓದಿದ ಪುಸ್ತಕದ ಬಗ್ಗೆ ಮಾತಾಡಲು ಬೇರೆ ಬೀದಿಗೆ ಹೋಗುವುದೆಂದರೇನು?

ಅಂದೇ ಸಂಜೆ ಓದಲು ಕೂತ. ಹನ್ನೆರಡು ಪುಟ ಓದಿದ. ಹನ್ನೆರಡು ಪುಟದಲ್ಲಿ ಯಾರೋ ಎದ್ದರು, ಮುಖ ತೊಳೆದರು, ಕಿಟಕಿ ತೆರೆದರು, ‘ಅವರು’ ಬರುತ್ತಾರೆಂದು ಹೆದರಿದರು. ‘ಅವರು’ ಬರಲಿಲ್ಲ. ಹದಿಮೂರನೆಯ ಪುಟಕ್ಕೆ ಮೊಹರಪ್ಪನಿಗೆ ಆಕಳಿಕೆ ಬಂತು. ಪುಟದ ಮೂಲೆ ಮಡಚಿ, ಕಚೇರಿಯ ಅಭ್ಯಾಸದಂತೆ ಕೊನೆಗೆ ಹಾರಿದ. ಕೊನೆಯ ಸಾಲು: ‘ಅವರು ನಿಧಾನವಾಗಿ ತಿರುಗಿ ನೋಡಿದರು.’ ಮೊದಲು ಹೆದರಿದ್ದಾರೆ, ಕೊನೆಗೆ ನೋಡಿದ್ದಾರೆ, ನಡುವೆ ದುಃಖ ಇದ್ದೇ ಇರುತ್ತದೆ. ವಿಷಯ ಅರ್ಥವಾಯಿತು. ಪುಸ್ತಕ ಮುಚ್ಚಿ ಷಡ್ಡಕನ ಸಾಲಿನ ಕೆಳಗೆ ಬರೆದ: ‘ನಾಲ್ಕು ದಿನ ಊಟ ಸೇರಲಿಲ್ಲ. ನಿದ್ದೆಯೂ ಇಲ್ಲ. ಕನ್ನಡಿಯ ಹತ್ತಿರ ಹೋಗುವ ಧೈರ್ಯವೇ ಆಗಲಿಲ್ಲ.’

ಮರುದಿನ ಬೆಳಿಗ್ಗೆ ವಾಚನಾಲಯದಲ್ಲಿ ಗ್ರಂಥಪಾಲಕರು ಅದನ್ನು ಓದಿ, ರುಜುವಿನ ಕೆಳಗಿದ್ದ ಹಿಂದಿನ ದಿನದ ತಾರೀಖು ನೋಡಿ, ಅವನನ್ನು ನೋಡಿದರು.

“ನಾಲ್ಕು ದಿನ ಅಂತ ಬರ್ದಿದೀರಿ. ಪುಸ್ತಕ ಓದಿದ್ದು ನಿನ್ನೆ ಅಲ್ವಾ?”

“ಹೌದು ಸಾರ್. ಇನ್ನೂ ಮೂರು ದಿನ ಬಾಕಿ ಇದೆ.”

ಗ್ರಂಥಪಾಲಕರು ಇದನ್ನು ಒಪ್ಪಿಕೊಂಡು, ಸರತಿಯಲ್ಲಿ ಮುಂದಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಪುಸ್ತಕ ಕೊಟ್ಟುಬಿಟ್ಟರು.

ಸಂಜೆ ಹೆಂಡತಿ ಚಹಾದ ಲೋಟ ಹಿಡಿದು ಅವನ ಎದುರಿಗೆ ಕೂತಳು. “ನಿಮ್ಗೆ ಎಲ್ಲಿ ಎದೆ ಝಲ್ ಅಂತು?”

“ಅವರು ನಿಧಾನವಾಗಿ ತಿರುಗಿ ನೋಡಿದ್ರಲ್ಲ, ಅಲ್ಲಿ.”

ಅವಳು ಅವನ ಕೈ ಮೇಲೆ ಕೈ ಇಟ್ಟಳು. “ನಂಗೂ ಅಲ್ಲೇ.”

ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ‘ನಂಗೂ’ ಎಂದದ್ದು ಇದೇ ಮೊದಲು. ಮೊಹರಪ್ಪನಿಗೆ ಆ ಕೈ ಅಲ್ಲಿಂದ ಏಳಬಾರದು ಅನ್ನಿಸಿತು.

“ದಿನಾ ನೋಡೋ ಪ್ರಾಣಿ ಅಲ್ವಾ?” ಎಂದಳು. “ಇನ್ಮೇಲೆ ಅದನ್ನ ಹೇಗೆ ನೋಡೋದು ಅಂತಾನೇ ತಿಳೀತಿಲ್ಲ.”

“ಹೌದು. ಹೇಗೆ ನೋಡೋದು,” ಎಂದ ಮೊಹರಪ್ಪ. ಆಗ ಅವನಿಗೆ ಹೊಳೆಯಿತು: ಯಾವ ಪ್ರಾಣಿಯನ್ನು ನೋಡಬೇಕೆಂದೇ ತನಗೆ ಗೊತ್ತಿಲ್ಲ.

ಕೇಳಿಬಿಡಬಹುದಿತ್ತು. ಕೇಳಿದರೆ ಆ ಕೈ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕನ್ನಡಕದ ಅಂಗಡಿಯ ದಾರಿ ಹಿಡಿಯುತ್ತಿತ್ತು. ಆದ್ದರಿಂದ ಅವನು ಸರ್ಕಾರಿ ನೌಕರನಿಗೆ ತಕ್ಕ ತೀರ್ಮಾನಕ್ಕೆ ಬಂದ. ಸಂಬಂಧಪಟ್ಟ ವಿಭಾಗ ಯಾವುದೆಂದು ಗೊತ್ತಾಗುವವರೆಗೆ ಎಲ್ಲ ವಿಭಾಗಕ್ಕೂ ಪ್ರತಿ ಕಳಿಸುವುದು. ಎಲ್ಲ ಪ್ರಾಣಿಗೂ ಹೆದರುವುದು.

ಮರುದಿನ ಬೆಳಿಗ್ಗೆ ಕಾಂಪೌಂಡಿನ ಗೋಡೆಯ ಮೇಲೆ ಪಕ್ಕದ ಮನೆಯ ಟೈಲರಮ್ಮನ ಬೆಕ್ಕು ಕೂತಿತ್ತು. ಮೊಹರಪ್ಪ ಹೆಂಡತಿ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ, ನಡು ಬಗ್ಗಿಸಿದ, ಬೆಕ್ಕಿಗೆ ದಾರಿ ಬಿಟ್ಟ.

“ಏನ್ ಸ್ವಾಮಿ,” ಎಂದಳು ಟೈಲರಮ್ಮ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ. “ನಮ್ಮ ಬೆಕ್ಕು ನಿಮ್ಗೇನ್ ಮಾಡ್ತು?”

“ಇನ್ನೂ ಏನೂ ಮಾಡಿಲ್ಲಮ್ಮ. ಕಾಯ್ತಾ ಇದೆ.”

ಅನಂತರ ಕಾಗೆ ಬಂತು, ಅವನು ಕಿಟಕಿ ಹಾಕಿದ. ನಾಯಿ ಬಂತು, ಟೋಪಿ ತೆಗೆದ. ಸಕ್ಕರೆ ಡಬ್ಬಿಯ ಹತ್ತಿರ ಇರುವೆಯ ಸಾಲು ಕಂಡು, “ತಗೊಳ್ಳಿ, ತಗೊಳ್ಳಿ, ನಿಮ್ದೇ,” ಎಂದು ಮುಚ್ಚಳ ತೆಗೆದಿಟ್ಟ. ಪ್ರತಿ ಸಲವೂ ಓರೆಗಣ್ಣಿನಲ್ಲಿ ಹೆಂಡತಿಯ ಮುಖ ನೋಡುತ್ತಿದ್ದ. ಆ ಮುಖದಲ್ಲಿ ಮೊದಲ ದಿನ ಮರುಕವಿತ್ತು. ಎರಡನೆಯ ದಿನ ಯೋಚನೆಯಿತ್ತು. ಮೂರನೆಯ ದಿನ ಏನಿತ್ತೆಂದು ಅವನಿಗೆ ಓದಲು ಬರಲಿಲ್ಲ. ಅದು ನಡುವಿನ ಸಾಲು.

ಊಟ ಬಿಟ್ಟದ್ದಂತೂ ನಿಜ. ಮನೆಯಲ್ಲಿ. ಕಚೇರಿಯ ಕ್ಯಾಂಟೀನಿನಲ್ಲಿ ಅವನು ಆ ನಾಲ್ಕು ದಿನ ಎರಡೆರಡು ಸಲ ಊಟ ಮಾಡಿದ್ದರಿಂದ ಉಪವಾಸ ಮುಗಿಯುವ ಹೊತ್ತಿಗೆ ಬೆಲ್ಟಿಗೆ ಒಂದು ತೂತು ಹೆಚ್ಚು ಬೇಕಾಯಿತು.

ಸುದ್ದಿ ಷಡ್ಡಕನಿಗೆ ಮುಟ್ಟಿತು. ಅವನೂ ಸುಮ್ಮನಿರುವ ಆಸಾಮಿಯಲ್ಲ. ತನ್ನ ಅಂಗಡಿಯ ಬಾಗಿಲಿಗೆ ‘ಮನಸ್ಸು ಸರಿಯಿಲ್ಲದ ಕಾರಣ ಮಧ್ಯಾಹ್ನ ರಜೆ’ ಎಂದು ಬೋರ್ಡು ಹಾಕಿದ. “ನಿಮ್ಮ ಭಾವನಿಗೆ ಮತ್ತೆ ಶುರುವಾಗಿದೆ ಕಣೇ,” ಎಂದು ಅಕ್ಕ ಬಂದು ತಂಗಿಯ ಮುಂದೆ ಕಣ್ಣೊರೆಸಿಕೊಂಡಳು. ಮೊಹರಪ್ಪ ಅಂದು ಹಲ್ಲಿಯನ್ನು ಕಂಡು ಮಂಚ ಹತ್ತಿದ.

ಇಷ್ಟರಲ್ಲಿ ಟೈಲರಮ್ಮ ನಗರಸಭೆಗೆ ಒಂದು ಕಾಗದ ಬರೆದಿದ್ದಳು. ಕಾಗದ ನೇರವಾಗಿ ಮೊಹರಪ್ಪನ ಮೇಜಿಗೇ ಬಂತು. ಅವನು ಮೊದಲ ಸಾಲು ಓದಿದ: ‘ನಗರಸಭೆಯವರಿಗೆ.’ ಕೊನೆಯ ಸಾಲು ಓದಿದ: ‘ಕೂಡಲೇ ಬಂದು ಹಿಡಿಯಬೇಕಾಗಿ ವಿನಂತಿ.’ ಹಿಡಿಯುವ ಕೆಲಸ ಪ್ರಾಣಿ ವಿಭಾಗದ್ದು. ‘ಓದಲಾಗಿದೆ’ ಎಂದು ಒತ್ತಿ, ರುಜು ಹಾಕಿ, ಕಳಿಸಿದ.

ಮರುದಿನ ಬೆಳಿಗ್ಗೆ, ಮೊಹರಪ್ಪ ಕಚೇರಿಗೆ ಹೊರಡುವ ಹೊತ್ತಿಗೆ, ಪ್ರಾಣಿ ವಿಭಾಗದ ಇನ್‌ಸ್ಪೆಕ್ಟರು ಬಲೆ, ಪಂಜರ, ಒಂದು ಫಾರಂ ಹಿಡಿದುಕೊಂಡು ಮೊಹರಪ್ಪನ ಮನೆಯ ಮುಂದೆ ನಿಂತ.

“ಪ್ರಾಣಿ ಎಲ್ಲಿ?”

“ಯಾವ ಪ್ರಾಣಿ?” ಎಂದ ಮೊಹರಪ್ಪ.

“ಕಾಗದದಲ್ಲಿ ಇದೇ ವಿಳಾಸ ಇದೆ. ಕೇಳಿ. ‘ನಮ್ಮ ಬೆಕ್ಕಿಗೆ ಬಗ್ಗುತ್ತದೆ. ನಾಯಿಗೆ ಟೋಪಿ ತೆಗೆಯುತ್ತದೆ. ಕಾಗೆಯನ್ನು ಕಂಡರೆ ಒಳಗೆ ಓಡುತ್ತದೆ. ನನಗೆ ಒಂದು ಹೊಲಿಗೆ ನೇರ ಬರುತ್ತಿಲ್ಲ.’”

“ನಾನು ‘ಬಗ್ಗುತ್ತಾರೆ’ ಅಂತಾನೇ ಬರೆಯೋಳಿದ್ದೆ,” ಎಂದಳು ಟೈಲರಮ್ಮ ಗೋಡೆಯಾಚೆಯಿಂದ. “ಕೋಪದಲ್ಲಿ ಮರ್ಯಾದೆ ಬಿಟ್ಟುಹೋಯ್ತು.”

“ಅಯ್ಯೋ, ಅದು ನಾನು ಸಾರ್! ಕಾಗದ ತಪ್ಪಿ ನಿಮ್ಮಲ್ಲಿಗೆ ಬಂದಿದೆ.”

“ತಪ್ಪಿ ಹೇಗೆ ಬರುತ್ತೆ? ‘ಓದಲಾಗಿದೆ’ ಅಂತ ಮೊಹರಿದೆ. ಓದಿದ ಅಧಿಕಾರಿ ರುಜು ಇದೆ.” ಇನ್‌ಸ್ಪೆಕ್ಟರು ರುಜುವನ್ನು ಬೆಳಕಿಗೆ ಹಿಡಿದ. “ಯಾರೋ ಜವಾಬ್ದಾರಿ ಮನುಷ್ಯ ಓದಿ, ಇದು ಪ್ರಾಣಿ ಅಂತ ತೀರ್ಮಾನ ಮಾಡಿದಾರೆ. ಬದಲಾಯ್ಸೋಕೆ ನಾನ್ಯಾರು?”

ಮೊಹರಪ್ಪನಿಗೆ ಆ ಜವಾಬ್ದಾರಿ ಮನುಷ್ಯ ಯಾರೆಂದು ಹೇಳಲು ನಾಲಿಗೆ ಏಳಲಿಲ್ಲ. ಬೀದಿ ಆಗಲೇ ಸೇರಿತ್ತು. ಇನ್‌ಸ್ಪೆಕ್ಟರು ಫಾರಂ ಬಿಡಿಸಿ, ಅವನನ್ನು ಬಿಟ್ಟು ಅವನ ಹೆಂಡತಿಯನ್ನು ಕೇಳಿದ.

“ವಯಸ್ಸೆಷ್ಟಮ್ಮ ಇದಕ್ಕೆ?”

“ನಲವತ್ತೊಂದು.”

“ಕಚ್ಚೋದು ಗಿಚ್ಚೋದು ಮಾಡುತ್ತಾ?”

“ಇದುವರೆಗೂ ಇಲ್ಲ.”

“ಹೇಳಿದ ಮಾತು ಕೇಳುತ್ತಾ?”

ಅವಳು ಸ್ವಲ್ಪ ಯೋಚಿಸಿದಳು. “ಮೊದಲನೇ ಮಾತು, ಕೊನೇ ಮಾತು ಕೇಳುತ್ತೆ.”

ಇನ್‌ಸ್ಪೆಕ್ಟರು ‘ಪ್ರಾಣಿ ಶಾಂತವಾಗಿದೆ, ಮನೆಯವರ ಸುಪರ್ದಿಗೆ ಒಪ್ಪಿಸಲಾಗಿದೆ’ ಎಂದು ಬರೆದು, ಅವಳ ರುಜು ತೆಗೆದುಕೊಂಡು, ಖಾಲಿ ಪಂಜರ ಎತ್ತಿಕೊಂಡು ಹೋದ.

ಬೇರೆ ಯಾರಾದರೂ ಆಗಿದ್ದರೆ ವಾರಗಟ್ಟಲೆ ತಲೆ ಎತ್ತುತ್ತಿರಲಿಲ್ಲ. ಮೊಹರಪ್ಪ ಎತ್ತಿ ನೋಡಿದ. ಗುಂಪಿನ ಹಿಂದೆ ಷಡ್ಡಕ ಕನ್ನಡಕ ಒರೆಸುತ್ತ ನಿಂತಿದ್ದ. ಅವನ ಮುಖ ಹುಳ್ಳಗಾಗಿತ್ತು. ಪುಸ್ತಕ ಓದಿ ಊಟ ಬಿಟ್ಟವರುಂಟು, ಪುಸ್ತಕ ಓದಿದ್ದಕ್ಕೆ ನಗರಸಭೆಯೇ ಪಂಜರ ಕಳಿಸಿದ್ದು ಯಾರಿಗುಂಟು? ಮೊಹರಪ್ಪನಿಗೆ ಅವಮಾನದ ನಡುವೆಯೂ ತಂಪು ಗಾಳಿ ಬೀಸಿದಂತಾಯಿತು.

ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಗ್ರಂಥಪಾಲಕರು. ಪುಸ್ತಕ ಒಬ್ಬ ಮನುಷ್ಯನನ್ನು ಈ ಸ್ಥಿತಿಗೆ ತಂದದ್ದು ವಾಚನಾಲಯದ ಚರಿತ್ರೆಯಲ್ಲೇ ಮೊದಲು. ಭಾನುವಾರ ಬೆಳಿಗ್ಗೆ ಸಭೆ ಕರೆದೇಬಿಟ್ಟರು. ಆರುನೂರ ಹನ್ನೊಂದಕ್ಕೆ ರುಜು ಹಾಕಿದ್ದ ಹದಿನಾಲ್ಕು ಮಂದಿಯೂ ಬರಬೇಕು. ಅತಿ ಹೆಚ್ಚು ಕಲಕಿಹೋದ ಇಬ್ಬರು ಓದುಗರು, ಅಂದರೆ ಷಡ್ಡಕರಿಬ್ಬರು, ವೇದಿಕೆಯ ಮೇಲೆ ಮಾತಾಡಬೇಕು.

ವೇದಿಕೆಯೆಂದರೆ ಎರಡು ಬೆಂಚು ಜೋಡಿಸಿದ್ದು. ಗ್ರಂಥಪಾಲಕರು ಎದ್ದು ನಿಂತರು. “ನಾನಂತೂ ಓದೋನಲ್ಲ. ಹೊದಿಕೆ ಹಾಕೋನು. ಎಲ್ಲಾ ಓದ್ತಾ ಕೂತ್ರೆ ಹೊದಿಕೆ ಹಾಕೋರ್ಯಾರು? ಆದ್ರೆ ಇವತ್ತೊಂದು ದಿನ ನಿಯಮ ಸಡಿಲ ಮಾಡಿದೀನಿ. ಗುಟ್ಟು ಬಿಡಬಹುದು. ಎಲ್ರೂ ಧಾರಾಳವಾಗಿ ಮಾತಾಡಿ.”

ಎಲ್ಲರೂ ಪಕ್ಕದವರ ಮುಖ ನೋಡಿದರು.

“ಮೊದಲು ಇವರು ಹೇಳ್ಲಿ,” ಎಂದ ಷಡ್ಡಕ. “ನನಗಿಂತ ಒಂದು ದಿನ ಹೆಚ್ಚು ಊಟ ಬಿಟ್ಟೋರು.”

“ಛೆ, ಛೆ. ಹಿರಿಯರು ನೀವಿರುವಾಗ ನಾನು ಬಾಯಿ ಬಿಡೋದಾ ಅಣ್ಣ?”

“ಪರವಾಗಿಲ್ಲ, ಹೇಳಿ.”

“ನೀವು ಹೇಳಿದ್ರೇ ಚೆಂದ.”

ಐದು ನಿಮಿಷ ಇದೇ ಉಪಚಾರ ನಡೆಯಿತು. ಸಭೆ ಇದನ್ನು ಸೌಜನ್ಯವೆಂದು ತಿಳಿದು ತಲೆದೂಗಿತು. ಕೊನೆಗೆ ಡ್ರಾಯಿಂಗ್ ಮೇಷ್ಟ್ರು ಎದ್ದರು. “ನಾನೊಂದು ಚಿತ್ರ ಬರೀಬೇಕು ಅಂತಿದೀನಿ. ಓದಿದ್ದೆ, ವಯಸ್ಸಾಯ್ತು, ಮರ್ತುಹೋಗಿದೆ. ಅವರ ಕಾಲು ಹೇಗಿತ್ತು ಹೇಳಿ.”

ಷಡ್ಡಕ ಕನ್ನಡಕ ತೆಗೆದ. ಒರೆಸಿದ. ಹಾಕಿಕೊಂಡ. “ಕಾಲು... ಆ ಕಾಲುಗಳನ್ನ ಎಣಿಸೋ ಧೈರ್ಯ ನನಗಿರಲಿಲ್ಲ.”

ಚಪ್ಪಾಳೆ ಬಿತ್ತು. ಮೊಹರಪ್ಪನ ಕಿವಿ ಕೆಂಪಗಾಯಿತು.

“ನಾನು ಎಣಿಸಿದೆ,” ಎಂದ. “ಎರಡು ಸಲ.”

“ಎಷ್ಟು ಬಂತು?”

“ಎರಡು ಸಲಾನೂ ಬೇರೆ ಬೇರೆ ಬಂತು.”

ಇನ್ನೂ ಜೋರು ಚಪ್ಪಾಳೆ. ಷಡ್ಡಕ ಎದ್ದೇ ನಿಂತ. “ಕಾಲು ಬಿಡಿ. ಆ ಓಟ! ಬೆನ್ನಟ್ಟಿಕೊಂಡು ಬಂದ ಆ ವೇಗ ಮರೆಯೋಕಾಗುತ್ತಾ?”

“ಮಿಂಚಾದ್ರೂ ಒಂದು ಕ್ಷಣ ಕಾಣುತ್ತೆ ಅಣ್ಣ,” ಎಂದ ಮೊಹರಪ್ಪ. “ಇವರು ಕಾಣ್ತಾನೂ ಇರ್ಲಿಲ್ಲ.”

ಮುಂದಿನ ಸಾಲಿನಲ್ಲಿ ಮೊಹರಪ್ಪನ ಹೆಂಡತಿ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆಂದು ಪಕ್ಕದವರು ಬೆನ್ನು ಸವರಿದರು. ಅದನ್ನು ಕಂಡ ಷಡ್ಡಕ ತನ್ನ ಕೊನೆಯ ಬಾಣ ಬಿಟ್ಟ: “ಆ ಪ್ರಾಣಿ ಹೆಸರು ಮಾತ್ರ ನನ್ನ ಬಾಯಿಂದ ಕೇಳ್ಬೇಡಿ. ಹೇಳಿದ್ರೆ ಎದೆ ಒಡೆದುಹೋಗುತ್ತೆ.”

“ಬೇಡ, ಬೇಡ! ಹೇಳ್ಲೇಬೇಡಿ!” ಎಂದಳು ಅಕ್ಕ. ಇಡೀ ಸಭೆ ಅವನನ್ನು ಕರುಣೆಯಿಂದ ನೋಡಿತು. ಮುಂದಿನ ಸಾಲಿನ ಕರವಸ್ತ್ರವೂ ಆ ಕಡೆಗೇ ತಿರುಗಿತು.

ಮೊಹರಪ್ಪನಿಗೆ ತಡೆಯಲಾಗಲಿಲ್ಲ. ಹೊಟ್ಟೆಕಿಚ್ಚಿಗೆ ಮುಂದಿನ ಹೆಜ್ಜೆ ಕಾಣುವುದಿಲ್ಲ. “ನಾನು ಹೇಳ್ತೀನಿ!” ಎಂದು ಕೂಗಿಯೇಬಿಟ್ಟ.

ಎಲ್ಲರೂ ಅವನತ್ತ ತಿರುಗಿದರು. ಹೇಳುತ್ತೇನೆಂದ ಮೇಲೆ ಏನಾದರೂ ಹೇಳಬೇಕು. ಜಗತ್ತಿನ ಸಕಲ ಪ್ರಾಣಿಗಳೂ ಅವನ ತಲೆಯೊಳಗೆ ಒಮ್ಮೆಗೇ ನುಗ್ಗಿ, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು, ಕೊನೆಗೆ ಎಲ್ಲಕ್ಕಿಂತ ಪುಕ್ಕಲಾದದ್ದು ಹೊರಗೆ ಜಿಗಿಯಿತು.

“ಮೊಲ,” ಎಂದ.

ಗ್ರಂಥಪಾಲಕರು ಗಂಟಲು ಸರಿಮಾಡಿಕೊಂಡು ಮುಂದಿನ ಸಾಲಿನ ಕಡೆ ನೋಡಿದರು. “ಏನಮ್ಮ, ನೀವೂ ಓದಿದೀರಲ್ಲ? ಮೊಲಾನಾ?”

ಅವಳು ಎದ್ದು ನಿಂತಳು. ಗಂಡನನ್ನು ನೋಡಿದಳು. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಭಾವನನ್ನು ನೋಡಿದಳು. ಭಾವ ಕನ್ನಡಕ ಒರೆಸುವುದನ್ನು ಮರೆತಿದ್ದ.

“ಹೌದು,” ಎಂದಳು. “ಮೊಲ.”

ಸಭೆಯ ತಲೆಗಳು ಗಾಳಿಗೆ ಸಿಕ್ಕ ಬೆಳೆಯಂತೆ ಆಡಿದವು. “ಆ ಹಲ್ಲು!” ಎಂದ ಷಡ್ಡಕ. “ಹೇಳ್ಬಾರ್ದು ಅಂತಿದ್ದೆ, ಆ ಮುಂದಿನ ಎರಡು ಹಲ್ಲು!” “ಕಿವಿ, ಕಿವಿ! ಈಗ ನೆನಪಾಯ್ತು,” ಎಂದರು ಡ್ರಾಯಿಂಗ್ ಮೇಷ್ಟ್ರು. ಹಿಂದಿನ ಸಾಲಿನವರೊಬ್ಬರು ಬಿಳಿ ತುಪ್ಪಳ ನೆನೆದು ನಡುಗಿದರು. ಅವಳು ಕೂರಲಿಲ್ಲ. ನಿಂತೇ ಒಂದೊಂದು ತಲೆಯನ್ನೂ ಎಣಿಸಿದಳು. ಎಣಿಕೆ ಮುಗಿದ ಮೇಲೆ ಮೇಜಿನ ಮೇಲಿದ್ದ ಆರುನೂರ ಹನ್ನೊಂದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮನೆಯ ದಾರಿಯಲ್ಲಿ ಮೊಹರಪ್ಪನ ಕಾಲು ನೆಲದ ಮೇಲಿರಲಿಲ್ಲ. “ಮೊಲ ಅಂತ ನಿಮ್ ಭಾವನಿಗೆ ಹೇಳೋಕಾಗ್ಲಿಲ್ಲ ನೋಡು! ನಾನು ಹೇಳ್ದೆ!”

“ಆ ಪುಸ್ತಕದಲ್ಲಿ ಮೊಲ ಇಲ್ಲ.”

ಅವನು ನಿಂತ. “ಮತ್ತೇನಿದೆ?”

“ಬಸವನಹುಳು.”

ಅವನು ತನ್ನ ಕಾಲನ್ನೇ ನೋಡಿಕೊಂಡು ಕೇಳಿದ: “ಹಾಗಾದ್ರೆ ಆ ಕಾಲು?”

“ಇಲ್ಲ.”

“ಓಟ?”

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಸ್ವಲ್ಪ ದೂರ ನಡೆದ ಮೇಲೆ ತಾನಾಗಿಯೇ ಹೇಳಿದಳು: “ಅವು ಯಾರನ್ನೂ ಹೊಡೆಯಲ್ಲ, ಕೊಲ್ಲಲ್ಲ. ಕಾಯ್ತವೆ ಅಷ್ಟೆ. ಜನ ಅವುಗಳ ನಡಿಗೆಗೆ ಸರಿಯಾಗಿ ನಡೆಯೋದು ಕಲೀತಾರೆ. ಅವು ಕೊಂಬು ಆಡ್ಸಿದ್ರೆ ತಲೆ ಆಡ್ಸೋದು ಕಲೀತಾರೆ. ಎಲ್ರೂ ಸುಖವಾಗಿರ್ತಾರೆ. ಒಬ್ಬಳಿಗೆ ಮಾತ್ರ ಇದು ಸರಿಯಿಲ್ಲ ಅಂತ ಗೊತ್ತಾಗುತ್ತೆ. ಯಾರಿಗೆ ಹೇಳೋದು ಅಂತ ಹುಡುಕ್ತಾ ಹೋಗ್ತಾಳೆ. ಅದೇ ಕಥೆ. ನಂಗೆ ಮೂರು ರಾತ್ರಿ ನಿದ್ದೆ ಬರ್ಲಿಲ್ಲ.”

“ನಂಗೂ...”

“ನೀವು ಗೊರಕೆ ಹೊಡೀತಿದ್ರಿ. ಮೂರು ರಾತ್ರೀನೂ. ನಾನು ಎದ್ದು ಕೂತಿದ್ದೆ, ಅದಕ್ಕೇ ಗೊತ್ತು.”

ಇಂಥ ಮಾತಿಗೆ ಒತ್ತಲು ಯಾವ ಮೊಹರೂ ಇರುವುದಿಲ್ಲ. ಮೊಹರಪ್ಪ ತಲೆ ತಗ್ಗಿಸಿಕೊಂಡು ಅವಳ ಪಕ್ಕದಲ್ಲಿ ನಡೆದ. ಬಾಗಿಲ ಬೀಗ ತೆಗೆಯುವಾಗ ಅವನಿಗೆ ತಡೆಯಲಾಗಲಿಲ್ಲ.

“ಅಲ್ವೇ, ಮೊಲ ಅಂದಾಗ ಎಲ್ರೂ ತಲೆ ಆಡ್ಸಿದ್ರಲ್ಲ. ಎಲ್ರಿಗಿಂತ ಮೊದಲು ಆಡ್ಸಿದ್ದು ನಿಮ್ ಭಾವ ತಾನೆ?”

“ಅಲ್ಲ. ಅವ್ರು ಎರಡನೆಯವ್ರು.”

“ಮೊದಲನೆಯವ್ರು?”

“ನೀವು.”

ಮೊಹರಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದು ಒಂದು ಗಳಿಗೆ ಮಾತ್ರ. ಮರುಗಳಿಗೆಗೆ, ಷಡ್ಡಕ ಎರಡನೆಯವನು ಎಂಬುದು ಮನಸ್ಸಿಗೆ ಇಳಿಯಿತು. ನಗಬಾರದೆಂದು ತುಟಿ ಬಿಗಿದ. ತುಟಿ ಅವನ ಮಾತು ಕೇಳಲಿಲ್ಲ. ಅದನ್ನು ಕಂಡು ಅವಳು ಹಣೆ ಚಚ್ಚಿಕೊಂಡಳು, ಆಮೇಲೆ ಬೀಗದ ಕೈ ಹಿಡಿದುಕೊಂಡೇ ಬಿದ್ದುಬಿದ್ದು ನಕ್ಕಳು. ನಕ್ಕು ಸಾಕಾಗಿ ಚೀಲದಿಂದ ಪುಸ್ತಕ ತೆಗೆದು ಅವನ ಎದೆಗೆ ಒತ್ತಿದಳು.

“ಹದಿಮೂರನೇ ಪುಟದಿಂದ. ಮೂಲೆ ಮಡಚಿಟ್ಟಿದೀರಲ್ಲ.”

ಅವನು ಹೊಸಿಲಿನ ಮೇಲೆಯೇ ಕೂತು ಓದಿದ. ಅವಳು ಪಕ್ಕದಲ್ಲಿ ಕೂತಳು. ಬಿಸಿಲು ಮೆಟ್ಟಿಲು ಇಳಿದು ಬೀದಿ ದಾಟಿತು. ನಲವತ್ತನೆಯ ಪುಟದ ಹತ್ತಿರ ಅವನ ಮುಖದ ಬಣ್ಣ ಬದಲಾಯಿತು. ಎಪ್ಪತ್ತನೆಯದರ ಹತ್ತಿರ ಬೆರಳಿಟ್ಟು ಪುಸ್ತಕ ಮುಚ್ಚಿ, “ಇವಳ ಗಂಡಾನೂ ತಲೆ ಆಡ್ಸೋರ ಜೊತೆ ಸೇರ್ಕೋತಾನಾ?” ಎಂದು ಕೇಳಿದ. ಕೇಳಿದ ರೀತಿಗೆ ಅವಳು ಅವನತ್ತ ಪೂರ್ತಿ ತಿರುಗಿ ಕೂತಳು. ಮಾತು ಶುರುವಾಯಿತು. ಮಾತು ಮುಗಿಯಲಿಲ್ಲ. ನಡುವೆ ಅವಳು ಒಲೆಯ ಮೇಲೆ ಇಟ್ಟು ಬಂದ ಹಾಲು ಇಬ್ಬರಿಗೂ ನೆನಪಾಗಲಿಲ್ಲ.

“ಭಾವನಿಗೂ ನಾಳೆ ನಿಜ ಹೇಳ್ಬಿಡ್ಲಾ?” ಎಂದಳು ಕೊನೆಗೆ. “ಪಾಪ, ಪುಸ್ತಕ ಕೊಟ್ರೆ ಓದಿಯಾರು.”

ಮೊಹರಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ.

“ಬೇಡ್ವೇ ಬೇಡ,” ಎಂದ. “ಅವ್ರು ಮೊಲದ ಜೊತೆಗೇ ಇರ್ಲಿ.”